ತೇಪೆಗೆ ಪುನರುಜ್ಜೀವನ ಕೊಟ್ಟ ಪದಪ್ರವೀಣರಿಗೆ

ಮಾನ್ಯರಲ್ಲಿ ಮಾನ್ಯರೂ, ನಿಘಂಟಿನೊಳಗೆ ಕಣ್ಣು ಕಟ್ಟಿಕೊಂಡು ನಡೆದಾಡಬಲ್ಲವರೂ, ಕುಳಿತ ಕುರ್ಚಿಯಿಂದ ಏಳದೆ ಅಂಚೆಯ ಮೂಲಕವೇ ಸಾಹಿತಿಗಳನ್ನು ತಯಾರಿಸಿ ಕಳುಹಿಸುವವರೂ ಆದ ಪದಪ್ರವೀಣರೇ, ತಮಗೂ, ತಮ್ಮ ಲೇಖನಿಗೂ, ಅದರೊಳಗಿನ ಕೆಂಪು ಶಾಯಿಗೂ ನನ್ನ ಬೇರೆ ಬೇರೆ ವಂದನೆಗಳು.

ನಮ್ಮ ಭಾಷೆಯಲ್ಲಿ ಈಗ ಜನ ಆಡುತ್ತಿರುವ ಪದಗಳಲ್ಲಿ ಮುಕ್ಕಾಲು ಪಾಲನ್ನು ಹುಟ್ಟಿಸಿದವನು ನಾನೇ ಎಂಬುದು ತಮಗೆ ತಿಳಿದೇ ಇರುತ್ತದೆ. ಉಳಿದ ಕಾಲು ಪಾಲು ನಾನು ಹುಟ್ಟುವ ಮುಂಚೆಯೇ ಇದ್ದವು, ಅದರಲ್ಲಿ ನನ್ನ ತಪ್ಪೇನೂ ಇಲ್ಲ. ವಿದ್ಯೆಯ ವಿಷಯಕ್ಕೆ ಬಂದರೆ, ನಾನು ಹಳ್ಳಿಯ ಶಾಲೆಯಲ್ಲಿ ಏಳು ವರ್ಷ ಓದಿದವನು, ಆದರೆ ಆ ಶಾಲೆಗೆ ಇದ್ದದ್ದು ಒಂದೇ ಕೋಣೆಯಾದ್ದರಿಂದ ನಾಲ್ಕು ತರಗತಿಗಳ ಪಾಠ ಒಟ್ಟಿಗೇ ಕಿವಿಗೆ ಬೀಳುತ್ತಿತ್ತು, ಹಾಗಾಗಿ ಏಳನ್ನು ನಾಲ್ಕರಿಂದ ಗುಣಿಸಿ ಇಪ್ಪತ್ತೆಂಟು ವರ್ಷಗಳ ವಿದ್ಯಾಭ್ಯಾಸ ಎಂದು ತಾವು ದಯವಿಟ್ಟು ಬರೆದುಕೊಳ್ಳಬೇಕು.

ಕಸುಬಿನಿಂದ ನಾನು ಬೋರ್ಡು ಬರೆಯುವವನು. ಈ ಊರಿನ ಗೋಡೆ, ಗೇಟು, ಕಂಬಗಳ ಮೇಲೆ ನಾನು ಬರೆದದ್ದನ್ನು ಓದಿದಷ್ಟು ಜನ ಯಾವ ಮಹಾಗ್ರಂಥವನ್ನೂ ಓದಿಲ್ಲ, ಅದೂ ನಡೆಯುತ್ತಾ, ಸೈಕಲ್ ತುಳಿಯುತ್ತಾ, ಹಲ್ಲುನೋವಿನಲ್ಲಿ ದವಡೆ ಹಿಡಿದುಕೊಂಡು. ಪದಕ್ಕೂ ಅದರ ಪರಿಣಾಮಕ್ಕೂ ಇರುವ ನಂಟನ್ನು ನಾನು ಏಣಿಯ ಮೇಲೆ ನಿಂತು ಕಲಿತವನು. ಒಂದು ವಿದ್ಯುತ್ ಪೆಟ್ಟಿಗೆಯ ಮೇಲೆ 'ಸಾರ್ವಜನಿಕರು ಎಚ್ಚರಿಕೆ ವಹಿಸಬೇಕಾಗಿ ಕೋರಲಾಗಿದೆ' ಎಂದು ಬರೆಸಿಕೊಂಡರು, ಮರುದಿನವೇ ಯಾರೋ ಅದರ ಮೇಲೆ ಒದ್ದೆ ಟವಲು ಒಣಗಲು ಹಾಕಿದ್ದರು. ಅದನ್ನು ಅಳಿಸಿ 'ಸಾಯ್ತೀರಿ' ಎಂದು ಬರೆದೆ, ಅಂದಿನಿಂದ ಅದರ ಹತ್ತಿರ ನಾಯಿ ಕೂಡ ಸುಳಿದಿಲ್ಲ. ನಾಯಿಗೆ ಓದಲು ಬರುವುದಿಲ್ಲ ಎಂಬುದು ನನಗೂ ಗೊತ್ತು, ಆದರೆ ಒಳ್ಳೆಯ ಪದದ ಪ್ರಭಾವ ಅಷ್ಟು ದೂರ ಹೋಗುತ್ತದೆ.

ಇಂಥ ನಾನು ತಮ್ಮ 'ಪದ ಆಯ್ಕೆ ಮತ್ತು ಅದರ ಪರಿಣಾಮ' ಎಂಬ ಹನ್ನೆರಡು ಪಾಠಗಳ ಅಂಚೆ ತರಬೇತಿಗೆ, ಅದರ ಜೊತೆಗೆ ಸಿಗುವ 'ಹಸ್ತಪ್ರತಿ ಸೌಂದರ್ಯ ಸೇವೆ'ಗೆ ಯಾಕೆ ಬಲಿಯಾದೆ ಎಂದು ತಾವು ಕೇಳಬಹುದು. ನನ್ನ ಅಕ್ಕ ಸರ್ಕಾರಿ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಮೂವತ್ತೊಂದು ವರ್ಷ ಹೊಲಿಗೆಯವಳಾಗಿ ದುಡಿದು ಕಳೆದ ತಿಂಗಳು ನಿವೃತ್ತಳಾದಳು. ಆ ಕೋಣೆಯನ್ನು ತಾವು ನೋಡಿಲ್ಲ. ಒಂದೇ ಕಿಟಕಿ, ಆವಿಯ ವಾಸನೆ, ಗೋಡೆಯುದ್ದಕ್ಕೂ ವಾರ್ಡಿನ ನಂಬರು ಹೊತ್ತ ಕಪಾಟುಗಳು, ನಡುವೆ ಕಾಲಿನಲ್ಲಿ ತುಳಿಯುವ ಒಂದು ಹೊಲಿಗೆ ಯಂತ್ರ. ರೋಗಿಗಳು ಮಲಗಿ ಮಲಗಿ ಹಾಸಿಗೆಯ ಬಟ್ಟೆ ನಡುಭಾಗದಲ್ಲಿ ಸವೆಯುತ್ತದೆ, ಅಂಚುಗಳು ಮಾತ್ರ ಹೊಸದರಂತೆ ಉಳಿಯುತ್ತವೆ. ಅಕ್ಕ ಅದನ್ನು ಉದ್ದಕ್ಕೆ ನಡುವಿನಲ್ಲೇ ಸೀಳಿ, ಗಟ್ಟಿಯಿರುವ ಎರಡು ಅಂಚುಗಳನ್ನು ಒಳಕ್ಕೆ ತಂದು ಜೋಡಿಸಿ, ಸವೆದದ್ದನ್ನು ಹೊರಗಿನ ಅಂಚಿಗೆ ತಳ್ಳಿ ಮಡಚಿ ಹೊಲಿಯುತ್ತಿದ್ದಳು, ಸಣ್ಣ ತೂತುಗಳಿಗೆ ತೇಪೆ ಹಾಕುತ್ತಿದ್ದಳು. ಹೀಗೆ ಒಂದು ಬಟ್ಟೆಗೆ ಎರಡು ಆಯುಸ್ಸು.

ಬೀಳ್ಕೊಡುಗೆಯ ದಿನ ಓದಲೆಂದು ನಾನು ಅಕ್ಕನ ಮೇಲೆ ನಾಲ್ಕು ಪುಟಗಳ ಒಂದು ಕಥೆ ಬರೆದೆ. ಕಥೆಯೆಂದರೆ ಬರೀ ನೆಪ, ಸ್ವಾಮಿ. ಇಪ್ಪತ್ತಾರು ವರ್ಷಗಳಿಂದ ಅವಳಿಗೆ ಹೇಳಲಾಗದೆ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಒಂದೇ ಒಂದು ಮಾತನ್ನು ನಾಲ್ಕು ಜನರ ಮುಂದೆ, ಕಾಗದ ಹಿಡಿದುಕೊಂಡಾದರೂ ಹೇಳಿಬಿಡಬೇಕೆಂಬುದು ನನ್ನ ಉದ್ದೇಶವಾಗಿತ್ತು. ಮೂರನೇ ಪುಟದಲ್ಲಿ ಆ ಮಾತು ಹೀಗಿತ್ತು: 'ಸ್ವಂತಕ್ಕೆ ಮೋಟಾರಿನ ಹೊಲಿಗೆ ಯಂತ್ರ ತಂದು ಮನೆಯಲ್ಲೇ ಅಂಗಡಿ ಇಡಬೇಕೆಂದು ಅಕ್ಕ ಕೂಡಿಟ್ಟು ನನ್ನ ಕೈಗೆ ಕೊಟ್ಟಿದ್ದ ಸ್ವಲ್ಪ ಹಣವನ್ನು ಬಸ್ಸಿನಲ್ಲಿ ಯಾರೂ ಕದಿಯಲಿಲ್ಲ. ನಾನೇ ಟೈರು ಅಂಗಡಿಯ ಮಹಡಿಯಲ್ಲಿ ಇಸ್ಪೀಟು ಆಡಿ ಸೋತೆ.'

ಅಕ್ಕನ ಮಗಳು ಇದನ್ನು ಓದಿ, "ಮಾಮ, ಇದನ್ನ ಯಾರ ಕೈಲೂ ತಿದ್ದಿಸಬೇಡ, ಹೀಗೇ ಓದಿಬಿಡು" ಎಂದಳು. ಚಿಕ್ಕವಳು, ಸಾಹಿತ್ಯ ಅವಳಿಗೇನು ಗೊತ್ತು ಎಂದುಕೊಂಡೆ. ತಮ್ಮ ನಾಲ್ಕನೇ ಪಾಠದಲ್ಲಿ 'ದಿನಬಳಕೆಯ ಪದವು ಓದುಗನನ್ನು ನಿದ್ರೆಗೆ ದೂಡುತ್ತದೆ, ಉನ್ನತ ಪದವು ಅವನನ್ನು ಮೇಲಕ್ಕೆತ್ತುತ್ತದೆ' ಎಂದು ದಪ್ಪಕ್ಷರಗಳಲ್ಲಿತ್ತಲ್ಲ, ಅಕ್ಕನನ್ನು ಒಂದು ದಿನದ ಮಟ್ಟಿಗಾದರೂ ಮೇಲಕ್ಕೆತ್ತೋಣವೆಂಬ ಆಸೆಯಿಂದ ಹಸ್ತಪ್ರತಿಯ ನಕಲೊಂದನ್ನು ತಮ್ಮ ಪಾದದ ಬಳಿಗೆ ಕಳುಹಿಸಿದೆ.

ಅದು ಬೀಳ್ಕೊಡುಗೆಯ ದಿನ ಬೆಳಿಗ್ಗೆಯೇ ಮರಳಿ ಬಂತು, ಹೋಗುವಾಗ ಗುಬ್ಬಚ್ಚಿಯಂತಿದ್ದದ್ದು ಬರುವಾಗ ಎಮ್ಮೆಯಾಗಿತ್ತು. ಆಹಾ, ಏನು ಕೈಚಳಕ! 'ಅಕ್ಕ ಹಾಸಿಗೆ ಬಟ್ಟೆಗೆ ತೇಪೆ ಹಾಕುತ್ತಿದ್ದಳು' ಎಂಬ ನನ್ನ ದರಿದ್ರ ವಾಕ್ಯ 'ಅಗ್ರಜೆಯು ಶಯ್ಯಾವಸ್ತ್ರಗಳ ಪುನರುಜ್ಜೀವನಗೈಯುತ್ತಿದ್ದಳು' ಎಂದು ಕಿರೀಟ ಧರಿಸಿ ನಿಂತಿತ್ತು. ಅವಳ ಬೆರಳಿಗೆ ಸೂಜಿ ಚುಚ್ಚಿದಾಗ ಬರುತ್ತಿದ್ದ ಒಂದು ಹನಿ ರಕ್ತವನ್ನು ತಾವು 'ರುಧಿರಧಾರೆ' ಮಾಡಿದ್ದೀರಿ. ಅಷ್ಟು ರಕ್ತ ಹರಿದಿದ್ದರೆ ಅವಳು ಹೊಲಿದ ಬಟ್ಟೆಯ ಮೇಲೆ ಅವಳೇ ಮಲಗಬೇಕಾಗಿ ಬರುತ್ತಿತ್ತು. ಮಧ್ಯಾಹ್ನ ಯಂತ್ರದ ಪಕ್ಕದಲ್ಲೇ ಡಬ್ಬಿ ಬಿಚ್ಚಿ ಅವಳು ಉಣ್ಣುತ್ತಿದ್ದುದನ್ನು 'ಏಕಾಂತ ಭೋಜನಕೂಟ' ಎಂದು ಕರೆದಿದ್ದೀರಿ. ಒಬ್ಬಳೇ ಕೂಟ ಮಾಡಿಕೊಳ್ಳುವ ವಿದ್ಯೆ ಅವಳಿಗೆ ತಿಳಿದಿರಲಿಲ್ಲ, ಪಾಪ. ಒಟ್ಟು ಇನ್ನೂರ ಆರು ಪದಗಳನ್ನು ಕಿತ್ತು ಇನ್ನೂರ ಆರು ಪದಗಳನ್ನು ನೆಟ್ಟಿದ್ದೀರಿ, ಒಂದೊಂದನ್ನೂ ಬೆರಳಿಟ್ಟು ಎಣಿಸಿದ್ದೇನೆ.

ಮೂರನೇ ಪುಟಕ್ಕೆ ತಾವು ಮಾಡಿದ ಉಪಕಾರವನ್ನಂತೂ ಯಾವ ಬಾಯಿಂದ ಹೊಗಳಲಿ? ಬಸ್ಸಿನ ಸುತ್ತ ಕೆಂಪು ಗೀಟು ಎಳೆದು ಅಂಚಿನಲ್ಲಿ 'ಅಸಾಹಿತ್ಯಿಕ ವಾಹನ' ಎಂದು ಬರೆದು ಅದನ್ನು ರಸ್ತೆಯಿಂದಲೇ ಎತ್ತಿಬಿಟ್ಟಿರಿ. ಟೈರು ಅಂಗಡಿ ಹೋಯಿತು, ಮಹಡಿ ಹೋಯಿತು, ಇಸ್ಪೀಟು ಹೋಯಿತು, 'ನಾನೇ' ಎಂಬ ಎರಡಕ್ಷರವನ್ನು 'ಅಹಂಕಾರ ಸೂಚಕ' ಎಂದು ಹೊಡೆದುಹಾಕಿದಿರಿ, 'ಸೋತೆ' ಎಂಬುದಕ್ಕೆ 'ತೀರಾ ಬೋಳು' ಎಂದಿರಿ. ಅಷ್ಟೆಲ್ಲ ತೆಗೆದ ಜಾಗದಲ್ಲಿ ತಾವು ಕಟ್ಟಿದ ಅರಮನೆ ಇದು: 'ವಿಧಿಯ ಚದುರಂಗದಾಟದಲ್ಲಿ ಆ ಸ್ವಲ್ಪ ದ್ರವ್ಯವು ಕಾಲಗರ್ಭದಲ್ಲಿ ಲೀನವಾಯಿತು.' ಕದ್ದವನಿಲ್ಲ, ಸೋತವನಿಲ್ಲ, ತಮ್ಮನೂ ಇಲ್ಲ. ಇರುವುದು ವಿಧಿಯೊಬ್ಬಳೇ, ಅವಳ ಮೇಲೆ ದೂರು ಕೊಡಲು ಯಾವ ಠಾಣೆಗೂ ಹೋಗುವಂತಿಲ್ಲ. ಜೇಬುಗಳ್ಳರ ಸಂಘದವರು ತಮ್ಮನ್ನು ಈವರೆಗೆ ಸನ್ಮಾನಿಸಿಲ್ಲವೆಂದರೆ ಅದು ಅವರ ಕೃತಘ್ನತೆ.

ಸಮಾರಂಭ ನಡೆದದ್ದು ಬಟ್ಟೆಕೋಣೆಯಲ್ಲೇ, ಶನಿವಾರ ಮಧ್ಯಾಹ್ನ, ಕಪಾಟುಗಳ ನಡುವೆ ನಲವತ್ತು ಜನ ನಿಂತಿದ್ದರು, ಅಕ್ಕ ತನ್ನ ಯಂತ್ರದ ಸ್ಟೂಲಿನ ಮೇಲೆ ಕೂತಿದ್ದಳು. ನಾನು ಗಂಟಲು ಸರಿಮಾಡಿಕೊಂಡು ತಮ್ಮ ಪದಗಳನ್ನು ಒಂದೊಂದಾಗಿ ಬಿಟ್ಟೆ. 'ಶಯ್ಯಾವಸ್ತ್ರಗಳ ಪುನರುಜ್ಜೀವನ' ಬಂದಾಗ ಮುಂದೆ ನಿಂತಿದ್ದ ಅಗಸರವನು ಪಕ್ಕದವನಿಗೆ, "ಸತ್ತೋರನ್ನ ಎಬ್ಬಿಸೋದು ಮೇಲಿನ ವಾರ್ಡಲ್ಲಲ್ವಾ, ಇಲ್ಲಿ ಯಾವಾಗ ಶುರುವಾಯ್ತು?" ಎಂದ. 'ರುಧಿರಧಾರೆ'ಗೆ ಹಿರಿಯ ದಾದಿ ಬೆಚ್ಚಿಬಿದ್ದು ಅಕ್ಕನ ಬೆರಳು ಹಿಡಿದು ತಿರುಗಿಸಿ ನೋಡಿದಳು. ಎರಡನೇ ಪುಟ ಮುಗಿಯುವಷ್ಟರಲ್ಲಿ ಅಕ್ಕ ನನ್ನತ್ತ ನೋಡುವುದನ್ನು ಬಿಟ್ಟು, ಯಾರೋ ಪರಿಚಯವಿಲ್ಲದ ದೊಡ್ಡ ಹೆಂಗಸಿನ ಕಥೆ ಕೇಳುವವಳಂತೆ ಮರ್ಯಾದೆಯಿಂದ ಕೈಕಟ್ಟಿ ಕೂತಳು. ತಾವು ಅವಳನ್ನು ಮೇಲಕ್ಕೆತ್ತಿದ್ದು ನಿಜ, ಎಷ್ಟು ಮೇಲಕ್ಕೆಂದರೆ ಕೆಳಗೆ ನಿಂತಿದ್ದ ನಮಗೆ ಯಾರಿಗೂ ಅವಳ ಮುಖ ಕಾಣಲಿಲ್ಲ.

ವಿಧಿಯ ಚದುರಂಗ ಬಂತು, ಹೋಯಿತು. ಜನ ಚಪ್ಪಾಳೆ ತಟ್ಟಿದರು, ಚಪ್ಪಾಳೆ ಚೆನ್ನಾಗಿಯೇ ಇತ್ತು, ಅದರಲ್ಲಿ ತಮ್ಮ ಪಾಲನ್ನು ಇಲ್ಲವೆನ್ನುವುದಿಲ್ಲ. ಎಲ್ಲರೂ ಚಹಾ ಕುಡಿಯಲು ಹೊರಗೆ ಹೋದ ಮೇಲೆ ಅಕ್ಕ ಯಂತ್ರದ ಮೇಲೆ ಮುಸುಕು ಎಳೆಯುತ್ತಾ, "ಚದುರಂಗ ಯಾವಾಗ ಕಲಿತ್ಯೋ?" ಎಂದು ಕೇಳಿದಳು. ನಾನು ನಕ್ಕೆ. ಅವಳು ನಗಲಿಲ್ಲ. ಮುಸುಕಿನ ಮೂಲೆಯನ್ನು ಎರಡು ಸಲ ಎಳೆದು ಸರಿಮಾಡಿ, "ಓದ್ತೀನಿ ಅಂತ ನಿಂತಾಗ ಇವತ್ತಾದ್ರೂ ಬಸ್ಸಿನ ಮಾತು ಬರುತ್ತೇನೋ ಅಂದ್ಕೊಂಡಿದ್ದೆ. ಹೋಗ್ಲಿ ಬಿಡು" ಎಂದಳು.

ಮಾನ್ಯರೇ, ತಮ್ಮ ಹನ್ನೆರಡು ಪಾಠಗಳಲ್ಲಿ ಪದದ ಪರಿಣಾಮಕ್ಕೆ ಇಂಥದೊಂದು ಉದಾಹರಣೆ ಇದೆಯೇ? 'ಹೋಗ್ಲಿ ಬಿಡು' ಎಂಬುದರಲ್ಲಿ ತಮಗೆ ತಿದ್ದಲು ಏನು ಸಿಗುತ್ತದೆ? ಇಪ್ಪತ್ತಾರು ವರ್ಷ ಅವಳು ಆ ಹಣವನ್ನು ಒಮ್ಮೆಯೂ 'ಕಳವಾದ ದುಡ್ಡು' ಎನ್ನಲಿಲ್ಲ, ಯಾವಾಗಲೂ 'ಹೋದ ದುಡ್ಡು' ಎನ್ನುತ್ತಿದ್ದಳು. ಕಳವು ಎಂದರೆ ಕಳ್ಳನೊಬ್ಬನಿರಬೇಕು. ಹೋಯಿತು ಎಂದರೆ ತಮ್ಮನಾದವನು ಮನೆಯೊಳಗೇ ತಲೆಯೆತ್ತಿ ಓಡಾಡಿಕೊಂಡಿರಬಹುದು. ಐದನೇ ತರಗತಿಗೆ ಶಾಲೆ ಬಿಟ್ಟ ಹೆಂಗಸು ಒಂದು ಪದವನ್ನು ಇಷ್ಟು ಎಚ್ಚರದಿಂದ ಆರಿಸಿ, ಒಂದು ದಿನವೂ ತಪ್ಪದೆ ಬಳಸಿದಳು, ನಾನು ಬೋರ್ಡು ಬರೆಯುವವನಾಗಿ ಅದನ್ನು ಓದಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೆಲವು ಸಣ್ಣಪುಟ್ಟ ಕೋರಿಕೆಗಳಿವೆ. ಕಿತ್ತುಕೊಂಡ ನನ್ನ ಇನ್ನೂರ ಆರು ಪದಗಳನ್ನು ತೊಳೆದು, ಒಣಗಿಸಿ, ಇಸ್ತ್ರಿ ಮಾಡದೆ, ಮರುಟಪಾಲಿನಲ್ಲಿ ಕಳುಹಿಸಿಕೊಡಬೇಕು; ತಮ್ಮವು ನನ್ನ ಏಣಿಯ ಕೆಳಗೆ ಗಂಟು ಕಟ್ಟಿಟ್ಟಿವೆ, ಆಳು ಕಳುಹಿಸಿದರೆ ಹೊತ್ತುಕೊಂಡು ಹೋಗಬಹುದು, ಒಬ್ಬ ಆಳು ಸಾಲುವುದಿಲ್ಲ. ಆ ಶನಿವಾರ ಮಧ್ಯಾಹ್ನ ನಲವತ್ತು ಜನರ ಕಿವಿಗೆ ಹೋದದ್ದನ್ನು ತಾವೇ ಬಂದು ಒಬ್ಬೊಬ್ಬರ ಕಿವಿಯಿಂದ ಚಿಮುಟದಲ್ಲಿ ಹೊರತೆಗೆಯಬೇಕು. ಆಸ್ಪತ್ರೆಯ ಓಣಿಯಲ್ಲಿ ನಾನೇ ಬರೆದಿರುವ 'ದಾರಿ ಬಿಡಿ' ಎಂಬ ಬೋರ್ಡು ತಮ್ಮ ಕಣ್ಣಿಗೆ ಬೀಳದಂತೆ ಬರಬೇಕು, ಇಲ್ಲವಾದರೆ ತಾವು ಅದನ್ನು ಸುಂದರಗೊಳಿಸಿ, ಜನ ಓದಿ ಮುಗಿಸುವಷ್ಟರಲ್ಲಿ ಗಾಡಿಯ ಮೇಲಿನ ರೋಗಿ ಲೀನನಾಗಿರುತ್ತಾನೆ. ಕೊನೆಯದಾಗಿ, ಮುಂದೆ ಯಾರಾದರೂ ತಮಗೆ ತಪ್ಪೊಪ್ಪಿಗೆ ಕಳುಹಿಸಿದರೆ ಲಕೋಟೆ ಬಿಚ್ಚದೆ ಹಾಗೇ ವಾಪಸು ಮಾಡಬೇಕು, ಇದೊಂದನ್ನು ತಾವು ಕುಳಿತ ಕುರ್ಚಿಯಿಂದ ಏಳದೆಯೂ ಮಾಡಬಹುದು.

ಈ ಪತ್ರದ ಒಂದು ಪ್ರತಿ ತಮಗೆ, ಇನ್ನೊಂದು ಬಟ್ಟೆಕೋಣೆಯ ಬಾಗಿಲಿಗೆ, ನನ್ನದೇ ಕುಂಚದಲ್ಲಿ, ದೂರದಿಂದಲೂ ಓದಲು ಬರುವಷ್ಟು ದಪ್ಪಕ್ಷರಗಳಲ್ಲಿ. ಇವೆರಡಕ್ಕೂ ಮೊದಲು ಇದನ್ನು ಅಕ್ಕನ ಮುಂದೆ ಕೂತು ಓದುವವನಿದ್ದೇನೆ. ಅಲ್ಲಿಯವರೆಗೆ ತಮ್ಮ ಕೆಂಪು ಶಾಯಿ ಬಾಟಲಿಯಲ್ಲೇ ಸುಖವಾಗಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ, ತಮ್ಮ ಮೇಲೆ ಮಾತ್ರ ವಿಶ್ವಾಸವಿಲ್ಲದ,
ಬೋರ್ಡು ಬರೆಯುವವನು

ಮರೆತ ಮಾತು: ತಮ್ಮನ್ನು ಇಷ್ಟು ಬೈದವನು ಇನ್ನೆರಡು ವಿಷಯ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ನನ್ನ ಮೂಲಪ್ರತಿ ಅಂದು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ತೆಗೆದು ಓದಬಹುದಿತ್ತು, ವಿಧಿಯ ಬೆನ್ನ ಹಿಂದೆ ನಿಲ್ಲುವುದು ಹಿತವಾಗಿತ್ತು, ನಿಂತೆ. ಎರಡನೆಯದು, ಮೂರನೇ ಪುಟದ ನನ್ನ ಆ ಮಾತಿನಲ್ಲಿ ತಾವು ಮುಟ್ಟದೆ ಬಿಟ್ಟ ಪದ 'ಸ್ವಲ್ಪ' ಒಂದೇ, ಅದರ ಪಕ್ಕದಲ್ಲಿ 'ಸಂಯಮವುಳ್ಳ ಸುಂದರ ಪದ, ಹಾಗೇ ಇರಲಿ' ಎಂದು ಮೆಚ್ಚಿ ಬರೆದಿದ್ದೀರಿ. ಇಡೀ ನಾಲ್ಕು ಪುಟಗಳಲ್ಲಿ ಸುಳ್ಳು ಇದ್ದದ್ದು ಆ ಪದ ಒಂದೇ, ಸ್ವಾಮಿ, ಅದು ನಾನು ಆರಿಸಿದ್ದು, ತಮ್ಮ ಕಣ್ಣಿಗೆ ಅದೇ ಚಂದ ಕಂಡಿತು. ಯಂತ್ರಕ್ಕೆ ಎಂಟು ಸಾವಿರ, ಅದನ್ನು ಮನೆಗೆ ತರುವ ಗಾಡಿಗೆ ನೂರ ಹತ್ತು ಎಂದು ಅಕ್ಕ ಬೇರೆಯಾಗಿ ಮಡಚಿ ಕೊಟ್ಟಿದ್ದಳು. ಎಂಟು ಸಾವಿರ ಹೋದ ಮೇಲೆ ಆ ಮಡಿಕೆಯನ್ನೂ ಬಿಚ್ಚಿ ಕೊನೆಯ ಆಟಕ್ಕೆ ಇಟ್ಟೆ. ಸೋತದ್ದು ಎಂಟು ಸಾವಿರದ ನೂರ ಹತ್ತು. ನಾನೇ.