ಎರಡು ಕರಿ ಸ್ವಿಚ್ಚುಗಳು

ಉಜ್ಜನಪ್ಪನವರ ಮಂಚದ ತಲೆಯ ಬಳಿ ಎರಡು ಕರಿ ಸ್ವಿಚ್ಚುಗಳಿದ್ದವು. ಒಂದು ಫ್ಯಾನಿಗೆ, ಇನ್ನೊಂದು ನರ್ಸನ್ನು ಕರೆಯುವ ಗಂಟೆಗೆ. ಎರಡೂ ಅವಳಿ ಎಮ್ಮೆಕರುಗಳ ಹಾಗೆ ಒಂದೇ ಬಣ್ಣ, ಒಂದೇ ಮೈಕಟ್ಟು. ಅರವತ್ತಮೂರನೇ ಇಸವಿಯಲ್ಲಿ ಶಿವಮೊಗ್ಗದಲ್ಲಿ ತೆರೆದ ಆ ಹೊಸ ಆಸ್ಪತ್ರೆಯಲ್ಲಿ ಎಲ್ಲವೂ ಕರೆಂಟಿನ ಮೇಲೆಯೇ ನಡೆಯುತ್ತಿತ್ತು.

ಉಜ್ಜನಪ್ಪ ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ಒಂಟಿಯಾಗಿದ್ದವರು. ಹೆಂಡತಿ ತೀರಿಹೋಗಿ ಆರು ವರ್ಷ, ಮಕ್ಕಳಿಲ್ಲ. ಹರ್ನಿಯಾ ಆಪರೇಷನ್ ಆಗಿ ನಾಲ್ಕು ದಿನವಾದರೂ ನೋಡಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಪಕ್ಕದ ಮಂಚದ ಜಯಪ್ಪನನ್ನು ನೋಡಲೋ, ಹೊತ್ತುಹೊತ್ತಿಗೆ ದುರ್ಗಿಗುಡಿಯ ಅರ್ಧ ಬೀದಿಯೇ ಬಂದು ಹೋಗುತ್ತಿತ್ತು.

ಬೆಳಿಗ್ಗೆ ಸೆಕೆಯೆಂದು ಉಜ್ಜನಪ್ಪ ಸ್ವಿಚ್ಚು ಒತ್ತಿದರು. ಗಂಟೆ ಹೊಡೆದುಕೊಂಡಿತು. ನರ್ಸ್ ದಾಕ್ಷಾಯಣಿ ಓಡಿ ಬಂದಳು.

"ಏನಾಯ್ತು ಯಜಮಾನ್ರೇ? ಹೊಲಿಗೆ ಬಿಚ್ತಾ?"

"ಇಲ್ಲ ತಾಯಿ, ಫ್ಯಾನ್ ಹಾಕೋಣ ಅಂತ..."

ಅವಳು ನಕ್ಕು ಫ್ಯಾನು ಹಾಕಿದಳು. ದಿಂಬು ಸರಿಮಾಡುತ್ತಾ, "ಊಟ ಸೇರ್ತಿದೆಯಾ?" ಎಂದು ಕೇಳಿದಳು. ಉಜ್ಜನಪ್ಪನವರನ್ನು ಆ ಪ್ರಶ್ನೆ ಕೇಳುವವರಿಲ್ಲದೆ ಆರು ವರ್ಷ ಕಳೆದಿತ್ತು.

ಹತ್ತು ಗಂಟೆಗೆ ವಾರ್ಡಿನ ಆಯಾ ಬಂದು ಫ್ಯಾನು ಆರಿಸಿ ಹೋದ ಮೇಲೆ ನರ್ಸ್ ಬೇಕಾಯಿತು.

"ಮೇಲಿಂದು ಒತ್ರೀ ಮಾರಾಯ್ರೆ," ಎಂದ ಜಯಪ್ಪ.

"ಅಯ್ಯೋ, ಕೆಳಗಿಂದು!" ಎಂದಳು ಅವನ ಹೆಂಡತಿ ಶಂಕರಮ್ಮ.

ಇಬ್ಬರ ಮಾತನ್ನೂ ಮನ್ನಿಸಿ ಉಜ್ಜನಪ್ಪ ಎರಡನ್ನೂ ಒತ್ತಿದರು. ಫ್ಯಾನು ಭರ್ರನೆ ತಿರುಗಿತು. ದಾಕ್ಷಾಯಣಿ ಬರುವಷ್ಟರಲ್ಲಿ ಮಂಚಗಳಿಗೆ ಸಿಕ್ಕಿಸಿದ್ದ ರೋಗಿಗಳ ಔಷಧಿ ಚೀಟಿಗಳೆಲ್ಲ ವಾರ್ಡಿನ ತುಂಬ ಹಾರಾಡುತ್ತಿದ್ದವು. ವಾರ್ಡಿನ ಆಯಾ ಅವನ್ನು ಹೆಕ್ಕಿ ತನಗೆ ತೋಚಿದ ಮಂಚಗಳಿಗೆ ಸಿಕ್ಕಿಸಿದಳು. ಹೀಗಾಗಿ ಜಯಪ್ಪನಿಗೆ ಬರೆದಿದ್ದ ಹರಳೆಣ್ಣೆ ಉಜ್ಜನಪ್ಪನವರ ಹೊಟ್ಟೆ ಸೇರಿತು.

ಆಮೇಲೆ ಗಂಟೆ ಬಾರಿಸಿದ್ದು ಮಾತ್ರ ನಿಜವಾದ ಅವಸರಕ್ಕೆ. ಗಾಬರಿಯಾದ ದಾಕ್ಷಾಯಣಿ ಅವರ ಹೊಟ್ಟೆ ತಹಬಂದಿಗೆ ಬರುವ ತನಕ ಪಕ್ಕದ ಸ್ಟೂಲಿನಲ್ಲೇ ಕೂತಳು. ಚನ್ನಗಿರಿಯ ತನ್ನ ತವರು, ತಮ್ಮನ ತುಂಟತನ, ಎಲ್ಲ ಹೇಳಿದಳು. ಹೊಟ್ಟೆ ಹಿಂಡುತ್ತಿದ್ದರೂ ಉಜ್ಜನಪ್ಪನವರಿಗೆ ಹಬ್ಬದ ದಿನದಂತೆ ಇತ್ತು.

ಅಲ್ಲಿಂದಾಚೆ ಅವರ ಕೈ ಇನ್ನೂ ನಾಲ್ಕು ಸಲ ತಪ್ಪಿತು. ತಾನಾಗಿಯೇ ತಪ್ಪಿತು ಎಂದರೆ ಸುಳ್ಳಾದೀತು.

ಮರುದಿನ ಮಧ್ಯಾಹ್ನ ಡಾಕ್ಟರ್ ಶ್ರೀನಿವಾಸಮೂರ್ತಿ ಬಂದೊಡನೆ ಜಯಪ್ಪ ದೂರು ಹೇಳಿದ. "ಇವರ ಗಂಟೆ ಕಣ್ಣು ಮುಚ್ಚೋಕೆ ಬಿಡಲ್ಲ ಡಾಕ್ಟ್ರೇ!"

ಡಾಕ್ಟರು ಸ್ವಿಚ್ಚುಗಳನ್ನು ಬಗ್ಗಿ ನೋಡಿದರು. ಫ್ಯಾನಿಗೆಂದು ತಾವೇ ಒಂದನ್ನು ಒತ್ತಿದರು, ಗಂಟೆ ಹೊಡೆದು ದಾಕ್ಷಾಯಣಿ ಓಡಿ ಬಂದಳು.

"ಇವರದೇನೂ ತಪ್ಪಿಲ್ಲ ಕಣ್ರೀ. ಎರಡೂ ಒಂದೇ ಥರ ಮಾಡಿಟ್ಟಿರೋದು ನಮ್ಮ ತಪ್ಪು. ಇಷ್ಟು ಹಿಂಸೆ ಸಹಿಸಿದೀರಿ ಉಜ್ಜನಪ್ಪನೋರೇ. ನಿಮ್ಮನ್ನ ಮಹಡಿ ಮೇಲಿನ ಸ್ಪೆಷಲ್ ರೂಮಿಗೆ ಕಳಿಸ್ತೀನಿ. ಅಲ್ಲಿ ಮಂಚದ ಹತ್ತಿರ ಒಂದೇ ಸ್ವಿಚ್ಚು, ಕೆಂಪು ಬಣ್ಣದ್ದು. ತಪ್ಪೋ ಮಾತೇ ಇಲ್ಲ."

"ಬೇಡ ಡಾಕ್ಟ್ರೇ, ಇಲ್ಲೇ..."

"ಸಂಕೋಚ ಮಾಡ್ಕೋಬೇಡಿ," ಎಂದು ಡಾಕ್ಟರು ಬೆನ್ನು ತಟ್ಟಿದರು. ಬೇಕೆಂದೇ ಒತ್ತುತ್ತಿದ್ದೆ ಎಂದು ನಿಜ ಹೇಳೋಣವೆಂದರೆ, ದಾಕ್ಷಾಯಣಿ ಎದುರಿಗೇ ನಿಂತಿದ್ದಳು. ಉಜ್ಜನಪ್ಪ ತಮ್ಮ ಟವೆಲ್ಲು ಮಡಿಸಿಟ್ಟುಕೊಂಡರು.

ಸ್ಪೆಷಲ್ ರೂಮಿನಲ್ಲಿ ಗೋಡೆಗಳು ಬೆಳ್ಳಗಿದ್ದವು, ಪಕ್ಕದಲ್ಲಿ ಯಾರೂ ಇರಲಿಲ್ಲ. ಕೆಂಪು ಸ್ವಿಚ್ಚು ಒತ್ತಿದರೆ ಮಹಡಿಯ ಆಯಾ ಮಹಾಂತಮ್ಮ ಬಾಗಿಲಲ್ಲಿ ನಿಂತು, "ಏನ್ ಬೇಕು?" ಎನ್ನುತ್ತಿದ್ದಳು. ಬೇಕಾದದ್ದನ್ನು ಹೇಳಲು ಉಜ್ಜನಪ್ಪನವರಿಗೆ ನಾಲಗೆ ಏಳುತ್ತಿರಲಿಲ್ಲ.

"ನೀರು," ಎನ್ನುತ್ತಿದ್ದರು.

ಅವಳು ತಂದಿಟ್ಟು, ತುಟಿ ಬಿಚ್ಚದೆ ಹೋಗುತ್ತಿದ್ದಳು. ಸಂಜೆಯ ಹೊತ್ತಿಗೆ ಮೇಜಿನ ಮೇಲೆ ಒಂಬತ್ತು ಲೋಟ ನೀರು ತುಂಬಿ ನಿಂತಿತ್ತು.