ಕರ್ಪೂರದ ಗಿಡ ಮತ್ತು ನನ್ನ ಮೂಗು

ಮೂಗನ್ನ ನಂಬಿ ಹೊಟ್ಟಿ ಹೊರಕೊಳ್ಳೋ ಮನಷ್ಯಾ ನಾನು. ಇಂಥಾ ಫಜೀತಿ ನನಗಲ್ಲದ ಮತ್ಯಾರಿಗೆ ಆಗಬೇಕ್ರಿ? ಬೈರಿದೇವರಕೊಪ್ಪದಾಗ ನಮ್ಮದೊಂದು ಸಣ್ಣ ಪ್ರಯೋಗಶಾಲೆ ಐತಿ. ಅಮಲು ಇಲ್ಲದ, ವಾಸನಿ ಛಲೋ ಇರೋ ಭಂಗಿ ಗಿಡದ ಔಷಧಿ ತಳಿ ಮಾಡಾಕ ಸರ್ಕಾರದ ಪರವಾನಗಿ ತಗೊಂಡೇವಿ. ಆ ವಾಸನಿ ಹುಟ್ಟಸೋ ಎಣ್ಣಿಗೆ ಟರ್ಪೀನ್ ಅಂತಾರ. ಯಾವ ಗಿಡದಾಗ ನಿಂಬಿ ಸಿಪ್ಪಿ, ಯಾವುದ್ರಾಗ ಮೆಣಸು, ಯಾವುದ್ರಾಗ ಮಾವಿನಕಾಯಿ ಅಂತ ನಾ ಮೂಸಿ ಹೇಳಬೇಕು. ಅದರ ಮ್ಯಾಲ ಬೀಜಕ್ಕ ಗಿಡ ಆರಸ್ತಾರ. ಇಲ್ಲೀತನಕ ಒಮ್ಮಿನೂ ತಪ್ಪಿಲ್ಲ.

೧. ಪಗಾರ

ಗೋಪನಕೊಪ್ಪದಾಗ ನಮ್ಮ ಬಾಜೂ ಮನಿ ಅಜ್ಜಿ ಕೇಳಿದ್ರು, "ತಮ್ಮಾ, ಆಫೀಸನ್ಯಾಗ ಏನ ಮಾಡ್ತಿ?"

"ಭಂಗಿ ಎಲಿ ಮೂಸತೇನ್ರಿ ಅಜ್ಜಿ."

"ಅದಕ್ಕ ಪಗಾರ ಕೊಡ್ತಾರ?"

"ತಿಂಗಳಾ ತಿಂಗಳಾ ಕೊಡ್ತಾರ್ರಿ."

ಅಜ್ಜಿ ಗೋಡಿ ಮ್ಯಾಲಿದ್ದ ಗಂಡನ ಫೋಟೋ ಕಡೆ ತಿರುಗಿ, "ಕೇಳಿದ್ರಿಲ್ಲೋ? ನೀವು ಜೀವಮಾನಾ ಪುಕ್ಕಟೆ ಮಾಡಿದ್ರಿ!" ಅಂದ್ರು.

೨. ಚಟ್ನಿ

ಆಮ್ಯಾಲೆ ಆಫೀಸಿಗೆ ಒಂದು ಮಶೀನ್ ಬಂತು. ಎಲಿ ಬಾಟ್ಲ್ಯಾಗ ಹಾಕಿ ಹಚ್ಚಿದ್ರ ಯಾವ ವಾಸನಿ ಎಷ್ಟೈತಿ ಅಂತ ಕಾಗದದ ಮ್ಯಾಲ ಬರದು ಕೊಡತೈತಿ. ನಮ್ಮ ಮೇಡಂ ಖಡಕ್ಕಾಗಿ ಹೇಳಿದ್ರು, "ಸೋಮವಾರ ಹತ್ತು ಗಿಡ ಇಡ್ತೇನಿ. ಮಶೀನೂ ನೋಡ್ಲಿ, ನೀವೂ ಮೂಸ್ರಿ. ಸೋತ್ರ ನಿಮಗ ಗೋದಾಮಿನ ಕೆಲಸ."

ನಾ ಬಿಡೋ ಮಗಾ ಅಲ್ಲ, ಮನ್ಯಾಗ ತಾಲೀಮು ಚಾಲೂ ಮಾಡಿದೆ. ಐತವಾರ ಬೀಗರು ಊಟಕ್ಕ ಬಂದಿದ್ರು. ಹೆಂಡತಿ ಶೇಂಗಾ ಚಟ್ನಿ ಬಡಿಸಿ, "ಈಗಷ್ಟ ನಾನ ಕುಟ್ಟೇನ್ರಿ," ಅಂದ್ಲು. ನಾ ಮೂಸಿ, "ಇಲ್ಲ, ಇದು ಪ್ಯಾಕೀಟಿಂದು," ಅಂದೆ.

ಮೂಗು ಗೆದ್ದಿತು. ಎರಡ ದಿನಾ ಖಾನಾವಳ್ಯಾಗ ಉಂಡೆ.

೩. ಸೋಮವಾರ

ಪೂಜಿ ಇಲ್ಲದ ಹೊಸಾ ಮಶೀನ್ ಹೆಂಗ ಚಾಲೂ ಮಾಡೋದ್ರಿ? ಮುಂಜಾನೆ ಅದಕ್ಕ ವಿಭೂತಿ ಪಟ್ಟಿ ಹಚ್ಚಿ, ಕಾಯಿ ಒಡದು, ಕರ್ಪೂರ ಬೆಳಗಿದ್ದಾತು. ಆಮ್ಯಾಲೆ ಪರೀಕ್ಷೆ. ಹತ್ತೂ ಗಿಡದಾಗ ಕರ್ಪೂರ ಐತಿ ಅಂತ ಮಶೀನ್ ಬರದು ಕೊಟ್ಟಿತು. ಮೇಡಂ ಕುಣಿಯೋದೊಂದ ಬಾಕಿ.

"ಇಂಥಾ ತಳಿ ಯಾರ ಹತ್ರನೂ ಇಲ್ಲ! ನೀವೇನಂತೀರಿ?"

"ಕರ್ಪೂರ ಒಂದ್ರಾಗೂ ಇಲ್ರಿ. ಮೂರನೇದ್ರಾಗ ನಿಂಬಿ, ಏಳನೇದ್ರಾಗ ಮೆಣಸು. ಬೀಜಕ್ಕ ಏಳನೇದು ಇಡ್ರಿ."

"ಪರದೇಶದ ಮಶೀನ್ ಸುಳ್ಳ ಹೇಳತೈತೇನ್ರಿ? ಗೋದಾಮಿನ ಕೀಲಿ ತಗೋರಿ."

ಕೀಲಿ ಕೈಯಾಗ ಬಂತು. ಆದ್ರೂ ನನ್ನ ಮೂಗಿನ ಮ್ಯಾಲ ನನಗ ಭರವಸೆ. "ಒಮ್ಮೆ ಖಾಲಿ ಬಾಟ್ಲಿ ಹಚ್ಚಿ ನೋಡ್ರಿ," ಅಂದೆ. ಹಚ್ಚಿದ್ರು. ಖಾಲಿ ಬಾಟ್ಲ್ಯಾಗೂ ಕರ್ಪೂರ!

ಮೇಡಂ ಮಶೀನದಾಗ ಬಾಟ್ಲಿ ಇಡೋ ಖಾನೆ ಎಳದ್ರು. ಒಳಗ ಪೂಜಿ ಕರ್ಪೂರದ ಪೊಟ್ಟಣ ಬಾಯಿ ತಕ್ಕೊಂಡು ಕೂತಿತ್ತು.

"ಇದನ್ನ ಯಾರಿಟ್ರು?"

"ನಾನ್ರಿ. ಪೂಜಿ ಮಾಡಿದವನೂ ನಾನ."

"ಇಡೀ ಖೋಲಿ ವಾಸನಿ ಹೊಡಿಯಾಕತ್ತೈತಿ! ನಿಮ್ಮ ಮೂಗಿಗೆ ಹೆಂಗ ಬರಲಿಲ್ಲ?"

"ಮನ್ಯಾಗ ದಿನಾ ಎರಡ ಹೊತ್ತು ಬೆಳಗತೇವ್ರಿ. ನನ್ನ ಮೂಗು ಕರ್ಪೂರಾನ ವಾಸನಿ ಅಂತ ಹಿಡಿಯೂದ ಇಲ್ಲ."

"ಅಂದ್ರ ನಾಳೆ ಖರೇನ ಕರ್ಪೂರದ ಗಿಡ ಬಂದ್ರ?"

ಕೀಲಿ ಟೇಬಲ್ ಮ್ಯಾಲ ವಾಪಸ್ ಇಟ್ಟು ಹೇಳಿದೆ, "ಅದಕ್ಕ ಮಶೀನ್ ಐತೆಲ್ರಿ ಮೇಡಂ. ಪಾಪ, ಅದರ ನೌಕರೀನೂ ಇರ್ಲಿ ಬಿಡ್ರಿ."