ಆರನೇ ನಂಬರಿನ ಗಂಡ

ನನ್ನ ಕೈಗೆ ಅಧಿಕಾರ ಕೊಡಬಾರದು. ಕೊಟ್ಟರೆ ಮೊದಲು ಒಂದು ಫಾರ್ಮು ತಯಾರಿಸಿಬಿಡುತ್ತೇನೆ. ವಿದ್ಯಾರ್ಥಿಗಳು ಜನರನ್ನು ಪ್ರಶ್ನೆ ಕೇಳಿ ಮಾಡುವ ಸಂಶೋಧನೆಯಿಂದ ಯಾರ ಮಾನಕ್ಕೂ ಕುಂದು ಬರದಂತೆ ನೋಡಿಕೊಳ್ಳಲು ಮೂಡುಬಿದಿರೆಯ ನಮ್ಮ ಕಾಲೇಜಿನಲ್ಲಿ ಒಂದು ನೈತಿಕ ಸಮಿತಿ ಇದೆ. ನಾನು ಅದರ ಕಾರ್ಯದರ್ಶಿ. ಆದ ತಿಂಗಳಲ್ಲೇ ಹನ್ನೊಂದು ಪುಟದ ಫಾರ್ಮು ಬರೆದೆ. ಮಾಹಿತಿ ಕೊಟ್ಟವರ ಹೆಸರು ಎಲ್ಲಿಯೂ ಬರಬಾರದು, ನಂಬರ್ ಮಾತ್ರ. ಯಾರು ಎಷ್ಟನೇ ನಂಬರೆಂದು ಸಮಿತಿಯೂ ಕೇಳುವಂತಿಲ್ಲ. ನರಿಕೊಂಬು ಎಂಬ ಹಳ್ಳಿಯಲ್ಲಿ ಒಬ್ಬ ವಿದ್ಯಾರ್ಥಿ ಇದನ್ನು ಓದಿ ಹೇಳುವಾಗ ಮೂರನೇ ಪುಟಕ್ಕೇ ಅಜ್ಜಿಯೊಬ್ಬರು ನಿದ್ದೆ ಹೋದರಂತೆ. ಎದ್ದ ಮೇಲೆ ಬೆಲ್ಲ, ನೀರು ಕೊಟ್ಟು ಕಳಿಸಿದರಂತೆ. ಅಷ್ಟು ಗಹನವಾಗಿ ಬರೆದಿದ್ದೇನಲ್ಲ ಎಂದು ನನಗೆ ಹೆಮ್ಮೆಯೇ ಆಯಿತು.

ವಿಟ್ಲದ ಸಫಿಯಾ ಎಂಬ ವಿದ್ಯಾರ್ಥಿನಿ, ತನ್ನೂರಿನ ಬೀಡಿ ಕಟ್ಟುವ ಹೆಂಗಸರ ಮನೆಗೆಲಸದ ಬಗ್ಗೆ ಪ್ರಾಜೆಕ್ಟ್ ಮಾಡುತ್ತೇನೆಂದು ಬಂದಳು. ಮೂರು ಸಲ ವಾಪಸು ಕಳಿಸಿದೆವು. ಪಾಪದವರು, ಗಂಡಂದಿರ ಬಗ್ಗೆ ಕೇಳಿದರೆ ಮನೆಯಲ್ಲಿ ಜಗಳವಾದೀತು, ಅವರಿಗೆ ರಕ್ಷಣೆ ಬೇಕು ಎಂದು ನಮ್ಮ ವಾದ. ಆ ಪಾಪದವರಲ್ಲಿ ಒಬ್ಬರನ್ನೂ ನಾವು ಕೇಳಿರಲಿಲ್ಲ, ಆ ಮಾತು ಬೇರೆ. ನಾಲ್ಕನೇ ಸಲ ಅವಳು, "ಹಾಗಾದ್ರೆ ಸರ್, ರಕ್ಷಣೆ ಬೇಡದವರ ಹತ್ರ ಹೋಗ್ತೇನೆ. ಕಾಲೇಜು ಲೆಕ್ಚರರ್‌ಗಳ ಹೆಂಡತಿಯರನ್ನು ಕೇಳಬಹುದಾ?" ಎಂದಳು. ಸಮಿತಿಯಲ್ಲಿ ನಾವು ನಾಲ್ವರೂ ಗಂಡಸರು, ಲೆಕ್ಚರರ್‌ಗಳೇ. ಐದೇ ನಿಮಿಷದಲ್ಲಿ ಒಪ್ಪಿಗೆ ಕೊಟ್ಟೆವು. ವಿದ್ಯಾವಂತರ ಮನೆ, ಅಲ್ಲಿ ಎಂಥ ಅಪಾಯ?

ಮೊನ್ನೆ ವರದಿ ತಂದಳು. ಇದರಲ್ಲಿ ಯಾರ ಗುರುತೂ ಸಿಗುವುದಿಲ್ಲವೆಂದು ನಾವು ಓದಿ ಸಹಿ ಹಾಕಿದರೆ ಮಾತ್ರ ಅದು ಪರೀಕ್ಷೆಗೆ ಹೋಗುತ್ತದೆ. ಮಾದರಿಗೆಂದು ಆರನೇ ನಂಬರಿನವರ ಮಾತು ಓದಿದಳು: "ನಮ್ಮವರು ನೀರಿನ ಹೂಜಿಯ ಪಕ್ಕದಲ್ಲೇ ಕೂತಿರ್ತಾರೆ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ನನ್ನನ್ನು ಕರೆದು ನೀರು ಕೇಳ್ತಾರೆ. ಓಡಿ ಬಂದು ಕೊಟ್ರೆ, ತಣ್ಣಗಿಲ್ಲ ಅಂತಾರೆ."

"ಎಂಥ ಜನ ಮಾರಾಯ್ರೆ!" ಎಂದು ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದಿನ ಭಾನುವಾರವಷ್ಟೇ ನಾನು ತಣ್ಣಗಿಲ್ಲ ಎಂದಿದ್ದೆ. ಆ ಸಾಲು ತೆಗೆಸೋಣವೆಂದರೆ ಯಾಕೆಂದು ಕೇಳುತ್ತಾರೆ. ಬಿಟ್ಟರೆ, ಕಾಲೇಜಿನ ಲೈಬ್ರರಿ ಸೇರುವ ಈ ವರದಿಯಲ್ಲಿ ನಾನು ಜನ್ಮವಿಡೀ ನೀರು ಕೇಳುತ್ತಾ ಕೂತಿರಬೇಕು. ಎಲ್ಲರಿಗಿಂತ ಜೋರಾಗಿ ನಕ್ಕು, "ಪೂರ್ತಿ ಓದಿ ನಾಳೆ ಸಹಿ ಹಾಕ್ತೇನೆ" ಎಂದು ವರದಿಯನ್ನು ಮನೆಗೆ ತಂದೆ.

ಹೆಂಡತಿ ಸುಜಾತಾ ಹರಿವೆ ಸೊಪ್ಪು ಬಿಡಿಸುತ್ತಿದ್ದಳು. ಮೊದಲು ನಾನೇ ನೀರು ಬಗ್ಗಿಸಿ ಕುಡಿದೆ. ಅವಳಿಗೆ ಆಶ್ಚರ್ಯವಾಗಿರಬೇಕು.

"ಸಫಿಯಾ ಬಂದಿದ್ಳಾ?"

"ಬಂದಿದ್ಳು. ಒಳ್ಳೆ ಹುಡುಗಿ."

"ನೀನು ಎಷ್ಟನೇ ನಂಬರ್?"

"ಅದು ಹೇಳ್ಲಿಕ್ಕಿಲ್ಲ ಅಂತೆ. ಫಾರ್ಮಿನಲ್ಲಿ ನೀವೇ ಬರೆದದ್ದಲ್ವಾ?"

ನನಗೆ ತಡೆಯಲಾಗಲಿಲ್ಲ. ಕಾರ್ಯದರ್ಶಿಯೆಂಬುದನ್ನೂ ಮರೆತು ಹೂಜಿಯ ಕಥೆಯನ್ನೆಲ್ಲ ಹೇಳಿ, "ಆರನೇ ನಂಬರ್ ನೀನೇ ಅಲ್ವಾ?" ಎಂದೆ.

ಸೊಪ್ಪು ಕೆಳಗಿಟ್ಟು ನನ್ನ ಮುಖ ನೋಡಿದಳು. "ಛೆ, ಅದು ನಾನಲ್ಲ ಮಾರಾಯ್ರೆ."

ಹೋದ ಜೀವ ಬಂದಂತಾಯಿತು.

"ಅಂಥ ಸಣ್ಣ ಸಣ್ಣ ವಿಷಯ ಎಲ್ಲ ನಾನು ಹೇಳ್ಲೇ ಇಲ್ಲ" ಎಂದಳು.

ವರದಿಯಲ್ಲಿ ಇನ್ನೂ ನಲವತ್ತು ಪುಟಗಳಿವೆ. ಪೂರ್ತಿ ಓದಿದ್ದೇನೆ, ಯಾರ ಗುರುತೂ ಸಿಗಲಿಲ್ಲ ಎಂದು ಬರೆದು ಆಗಲೇ ಸಹಿ ಹಾಕಿದೆ. ಓದುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.